ಒಂಬತ್ತನೇ ಕಡ್ಡಿ

ಸೀಸದ ಡಬ್ಬಿ ಬಂದದ್ದು ಮಂಗಳವಾರ. ವಿಯೆನ್ನಾದಲ್ಲಿ ಮಂಜು,
ಕಾಲುವೆಯಾಚೆಯ ಟ್ರಾಮು ಬರೀ ಗಂಟೆಯ ಸದ್ದು.
ರಿಯಾಕ್ಟರಿನ ಕೊಳದಿಂದೆತ್ತಿ ಐದು ತಿಂಗಳು
ಮೂಲೆಯಲ್ಲಿ ಕೂರಿಸಿದ್ದರು, ಸಿಟ್ಟಿಳಿಯಲಿ ಎಂದು.
ರೋಸ್‌ವಿತಾ ಚಿಮಟದಲ್ಲಿ ಒಂದೊಂದನ್ನೇ ಹೊರತೆಗೆದಳು:
ಹನ್ನೆರಡು ರಾಳದ ಕಡ್ಡಿ, ಕಿರುಬೆರಳಿನಷ್ಟು,
ಒಡಲೊಳಗೆ ಗಾಜಿನ ನೇಯ್ಗೆ.
ನಾನು ಅಂಕಿ ಬರೆದುಕೊಳ್ಳುವವನು.
ಬರೆದೆ.

ಹೋಗುವಾಗ ಎಲ್ಲಕ್ಕೂ ಜೇನಿನ ಬಣ್ಣ.
ಈಗ ಮೊದಲ ಮೂರು ಚಹಾ,
ನಾಲ್ಕರಿಂದಾಚೆ ಹಾಲಿಲ್ಲದ ಕಾಫಿ.
ಹತ್ತನೆಯದರ ಮೈತುಂಬ ಬೊಕ್ಕೆ,
ಚಳಿಯಲ್ಲಿ ಒಳಗೇ ಸಿಕ್ಕಿಬಿದ್ದ ಅನಿಲ
ಬೆಚ್ಚಗಾದೊಡನೆ ಬಾಗಿಲು ಹುಡುಕಿದ ಗುರುತು.
ಕೊನೆಯೆರಡು, ಮುಟ್ಟಿದರೆ ಉದುರುತ್ತವೆ.

ಇವು ಕೂರಬೇಕಾದ ಜಾಗ ಬೇರೆ.
ತಾರೆಗಳ ನಡುವಿನ ಬಯಲಿಗಿಂತ ತಣ್ಣಗಿನ
ಒಂದು ಸುರುಳಿ. ಅದರಲ್ಲಿ ತಂತಿಗೂ ತಂತಿಗೂ ನಡುವೆ.
ತಂತಿಗೆ ಹೆಸರಿದೆ, ಅತಿವಾಹಕ ಅಂತ;
ಪತ್ರಿಕೆಯವರು ಬಂದರೆ ಫೋಟೋ ಅದರದ್ದೇ.
ಪ್ರವಾಹ ಹರಿದಾಗ ಆ ತಂತಿ
ಸುತ್ತುಸುತ್ತೂ ಕಿತ್ತುಕೊಂಡು ಓಡಲು ನೋಡುತ್ತದೆ.
ಹಿಡಿದು ಕೂರಿಸುವುದು ಈ ಅಂಟು.
ಕೂದಲೆಳೆಯಷ್ಟು ಬಿರುಕಾದರೂ ಸಾಕು,
ಬಿರುಕಿನ ಬಿಸಿ ಚಿಟಿಕೆಯಷ್ಟಿದ್ದರೂ ಸಾಕು,
ಚಳಿಯ ಮನೆ ಇಡಿಯಾಗಿ ಕೆಟ್ಟು
ಹೀಲಿಯಂ ಬುಸುಗುಟ್ಟಿ ಮೇಲೇಳುತ್ತದೆ.

ಮತ್ತೆ ಆ ಕಣಗಳು. ಕಾಣದವು, ಕೇಳಿಸದವು,
ವರ್ಷಗಟ್ಟಲೆ ಬಂದು ಬಡಿಯುವವು.
ಇಂದಿನ ಪೆಟ್ಟನ್ನು ನಿನ್ನೆಯದರ ಕೆಳಗೆ ಬರೆ.
ರಾಳಕ್ಕೆ ಕಳೆಯುವ ಲೆಕ್ಕ ಬಾರದು,
ಕೂಡುವುದಷ್ಟೇ.

ಒಮ್ಮೆ ಕ್ಯಾಂಟೀನಿನಲ್ಲಿ, ಸೂಪು ಆರುತ್ತಿದ್ದಾಗ, ಹೇಳಿದ್ದಳು:
ಅವಳಪ್ಪ ಪೀಸ್ಟಿಂಗ್ ಕಣಿವೆಯಲ್ಲಿ ರಾಳ ಇಳಿಸುವವ.
ಕಪ್ಪು ಪೈನಿನ ತೊಗಟೆ ಕೆತ್ತಿ, ಬುಡದಲ್ಲಿ ಕುಡಿಕೆ ಇಟ್ಟು,
ಒಣಗಿದ ಗಾಯದ ಮೇಲಂಚಿಗೆ
ಮತ್ತೆ ಹೊಸ ಕೆತ್ತು.
ಐದು ವರ್ಷದ ಇವಳು ಕೇಳಿದಳಂತೆ, ಮರ ಅಳ್ತಿದೆಯಾ?
"ಅಳೋದಲ್ಲ ಕಣೆ. ಮುಲಾಮು ಹಚ್ಕೊಳ್ತಿದೆ.
ನಾವು ಅದನ್ನ ಕದಿಯೋರು."
ಸಾಯುವಾಗಲೂ ಅವನ ಬೆರಳಿಗೆ ಟರ್ಪೆಂಟೈನ್ ವಾಸನೆ.
ಅಷ್ಟು ಹೇಳಿ ಸೂಪಿಗೆ ಉಪ್ಪು ಹಾಕಿಕೊಂಡಳು.

ಯಂತ್ರಕ್ಕೆ ಎರಡು ಮೊಣಕಾಲು, ಒಂದು ಮೂಗು.
ಕಡ್ಡಿಯನ್ನು ಮೊಣಕಾಲ ಮೇಲೆ ಅಡ್ಡ ಮಲಗಿಸಿದರೆ
ಮೂಗು ಮೇಲಿನಿಂದ ಒತ್ತುತ್ತಾ ಬರುತ್ತದೆ.
ಒಂದು, ಟಕ್. ಎರಡು, ಟಕ್.
ಏಳನೆಯದು ಸದ್ದೂ ಮಾಡಲಿಲ್ಲ, ಬಿಸ್ಕತ್ತು.
ಎಂಟನೆಯದಕ್ಕೆ ನಾನು ತಪ್ಪು ಸಾಲಿನಲ್ಲಿ ಬರೆದು
ಹೊಡೆದುಹಾಕಬೇಕಾಯಿತು.

ಒಂಬತ್ತು ಹೊಸ ಪಾಕ. ಲಿನ್ಸ್‌ನಿಂದ ಬಂದದ್ದು,
ಅಣುವಿನೊಳಗೆ ಉಂಗುರಗಳೇ ಜಾಸ್ತಿ.
ಪೆಟ್ಟು ಬಿದ್ದರೆ ಉಂಗುರ ಅದನ್ನು ಸುತ್ತಲೂ ಹಂಚುತ್ತದಂತೆ,
ಒಂದೇ ಕೊಂಡಿಯ ಕುತ್ತಿಗೆಗೆ ಬರದ ಹಾಗೆ.
ಒಂಬತ್ತಕ್ಕೆ ಬಿದ್ದದ್ದೂ ಹತ್ತಕ್ಕೆ ಬಿದ್ದಷ್ಟೇ ಪೆಟ್ಟು.
ಬಣ್ಣವೂ ಅಷ್ಟೇ ಕಪ್ಪು.
ಮೂಗು ಇಳಿಯಿತು.
ಪರದೆಯ ಗೆರೆ ಏರುತ್ತಲೇ ಹೋಯಿತು.
ಇನ್ನೂ ಏರಿತು.
ರೋಸ್‌ವಿತಾ ಪರದೆ ನೋಡಲಿಲ್ಲ, ಕಣ್ಣು ಮುಚ್ಚಿ
ಕಡ್ಡಿಯ ಕಡೆಗೆ ಕಿವಿ ಬಾಗಿಸಿದ್ದಳು.
ಕಾರಿಡಾರಿನಲ್ಲಿ ಯಾರೋ ನಕ್ಕರು. ಗದರಿ ಬರೋಣವೆನಿಸಿತು.

ಮುರಿಯಿತು, ಮುರಿಯದೆ ಏನು,
ಮುರಿಯುವ ತನಕ ಒತ್ತುವುದೇ ನಮ್ಮ ಕೆಲಸ.
ಆದರೆ ತಡವಾಗಿ. ತುಂಬ ತಡವಾಗಿ.
ಎರಡು ತುಂಡನ್ನೂ ಚಿಮಟದಲ್ಲೆತ್ತಿ ಮೂಗಿನ ಹತ್ತಿರ ತಂದಳು.
ಮುಖಗವಸಿನೊಳಗೆ ಯಾವ ವಾಸನೆಯೂ ಬರದು,
ಅವಳಿಗೂ ಗೊತ್ತು.
"ಇದಕ್ಕೆ ಹಚ್ಚೋಕೆ ಮುಲಾಮಿಲ್ಲ," ಅಂದಳು, ನನಗಲ್ಲ,
"ಇದೇ ಮುಲಾಮು."
ತುಂಡುಗಳನ್ನು ಹಳದಿ ಡಬ್ಬಿಗೆ ಹಾಕಿ
ಮುಚ್ಚಳ ತಿರುಗಿಸಿ, ಮತ್ತೊಮ್ಮೆ ತಿರುಗಿಸಿ ನೋಡಿ
ಕೈ ಚಾಚಿದಳು.
"ಹತ್ತು ಕೊಡು. ಬೊಕ್ಕೆ ಜೋಪಾನ."